ಜವಳಿನ ಪರವಾಗಿ ನಾಲ್ಕು ಮಾತು

‘ಜವಳು’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮ ಬೀಳಗಿ, ಮುಧೋಳ, ಜಮಖಂಡಿ ಸೀಮೆಯ ರೈತನ ಮೋರೆ ಸಣ್ಣದಾಗುತ್ತದೆ. (ರಬಕವಿ-ಬನಹಟ್ಟಿಯ ಗೆಳೆಯರು ಇದನ್ನು ‘ಜವಳಿ’ ಎಂದು ಓದಿಕೊಳ್ಳಬಾರದೆಂದು ವಿನಂತಿ. ಅದು ನೂಲಿನ ವಿಷಯ, ಇದು ನೀರಿನದು.) ಕಾಲುವೆ ಬಂದಿತು, ಕಬ್ಬು ಬಂದಿತು, ಹನ್ನೆರಡು ತಿಂಗಳೂ ಎರೆ ಭೂಮಿ ನೀರು ಕುಡಿಯಿತು. ಕುಡಿದ ನೀರನ್ನು ಕೆಳಗೆ ಬಸಿಯಗೊಡುವ ಗುಣ ಎರೆಮಣ್ಣಿಗಿಲ್ಲ. ಆದ್ದರಿಂದ ನೆಲದೊಳಗಿನ ನೀರಿನ ಮಟ್ಟವು ಮೇಲಕ್ಕೇರಿತು; ಅದರ ಸಂಗಡ ಒಳಗಿದ್ದ ಉಪ್ಪೂ ಏರಿತು; ಬಿಸಿಲಿಗೆ ನೀರು ಆರಿ ಹೋಯಿತು, ಉಪ್ಪು ಮಾತ್ರ ಮೇಲೆಯೇ ಉಳಿಯಿತು. ಇದೇ ನಮ್ಮ ಸವಳು-ಜವಳು. “ನೆಲಕ್ಕ ಜವಳ ಹಿಡೀತಂದ್ರ ಅದರ ಋಣಾ ತೀರಿತು ತಮ್ಮಾ” ಎಂದು ನಮ್ಮ ಮುತ್ತ್ಯಾ ಹೇಳುತ್ತಿದ್ದುದರಲ್ಲಿ ಅತಿಶಯೋಕ್ತಿಯೇನೂ ಇರಲಿಲ್ಲ. ಬಸಿಗಾಲುವೆ ತೋಡದೆ, ನೆಲದಡಿಯಲ್ಲಿ ಕೊಳವೆ ಹೂಳದೆ ಅಂಥ ಹೊಲವು ಮತ್ತೆ ಕೈಗೆ ಹತ್ತುವುದಿಲ್ಲ.

ಹೀಗಿರಲಾಗಿ ಜವಳಿನ ಪರವಾಗಿ ವಾದ ಹೂಡುವವನನ್ನು ಈ ಸೀಮೆಯಲ್ಲಿ ಯಾರೂ ಒಳ್ಳೆಯ ಕಣ್ಣಿನಿಂದ ನೋಡಲಾರರು. ಆದರೂ ಈ ಲೇಖನವನ್ನು ಬರೆಯಬೇಕೆನಿಸಿದ್ದು ಒಂದು ಕಾರಣಕ್ಕೆ. ಭೂಗೋಲದ ಪುಸ್ತಕದಲ್ಲಿ ‘ಸಾಲ್ಟ್ ಮಾರ್ಷ್’ ಎಂದು ಇಂಗ್ಲಿಷಿನಲ್ಲಿ ಬರುವ ಮಾತನ್ನು ನಮ್ಮ ಕನ್ನಡಕ್ಕೆ ತಿರುಗಿಸಿದರೆ ಅದು ಸರಿಯಾಗಿ ‘ಸವಳು ಜವಳು’ ಎಂದೇ ಆಗುತ್ತದೆ. ಹೆಸರು ಒಂದೇ; ಆದರೆ ಒಂದು ಸತ್ತ ನೆಲ, ಇನ್ನೊಂದು ಲೋಕದಲ್ಲಿಯೇ ಅತ್ಯಂತ ಫಲವತ್ತಾದ ನೆಲಗಳಲ್ಲಿ ಎಣಿಕೆಯಾಗತಕ್ಕದ್ದು. ನಮ್ಮ ಹೊಲದ ಜವಳು ಮನುಷ್ಯನ ಅವಸರದಿಂದ ಹುಟ್ಟಿದ್ದು. ಸಮುದ್ರದಂಚಿನ ಜವಳನ್ನು ನೀರು, ಮಣ್ಣು ಮತ್ತು ಹುಲ್ಲು ಮೂರೂ ಕೂಡಿ ನಿಧಾನವಾಗಿ ಕಟ್ಟಿದವು. ಹೇಗೆ ಕಟ್ಟಿದವೆಂಬುದನ್ನು ತಿಳಿದರೆ ಅನಗವಾಡಿಯ ಸೇತುವೆಯ ಕೆಳಗೆ ಆಗುತ್ತಿರುವುದೂ, ಮುಂದೆ ಆಗಬಹುದಾದುದೂ ನಮಗೆ ಸ್ವಲ್ಪ ತಿಳಿದೀತು.

ಸಮುದ್ರದ ನೀರು ಹಗಲಿರುಳಿನಲ್ಲಿ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು ಹನ್ನೆರಡು ತಾಸು ಇಪ್ಪತ್ತೈದು ನಿಮಿಷ. ನದಿಯು ಸಮುದ್ರ ಸೇರುವ ತಗ್ಗಿನಲ್ಲಿ, ತೆರೆಯ ಹೊಡೆತ ತಾಗದ ಮರೆಯಲ್ಲಿ, ಈ ಏರಿದ ನೀರು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತದೆ. ನಿಂತಾಗ ಅದರೊಳಗಿನ ನಯವಾದ ಗೋಡು ಕೆಳಗೆ ಕೂಡುತ್ತದೆ. ದಿನಕ್ಕೆ ಒಂದು ಕಾಗದದಷ್ಟು ದಪ್ಪವೂ ಇರಲಿಕ್ಕಿಲ್ಲ. ಹಾಗೆ ಕೂಡಿದ ರಾಡಿಯು ಒಂದು ಎತ್ತರಕ್ಕೆ ಬಂದ ಮೇಲೆ ಉಪ್ಪು ತಾಳಬಲ್ಲ ಹುಲ್ಲೊಂದು ಅಲ್ಲಿ ಬೇರೂರುತ್ತದೆ. ನಮ್ಮ ಕರಾವಳಿಯಲ್ಲಾದರೆ ಕಾಂಡ್ಲಾ ಗಿಡಗಳೂ ಬರುತ್ತವೆ. ಇಲ್ಲಿಂದ ಮುಂದೆ ಆಟವೇ ಬದಲಾಗುತ್ತದೆ. ಹುಲ್ಲಿನ ಕಡ್ಡಿಗಳು ನೀರಿನ ಓಟವನ್ನು ತಡೆಯುತ್ತವೆ, ಓಟ ತಗ್ಗಿದಷ್ಟೂ ಮಣ್ಣು ಹೆಚ್ಚು ಕೂಡುತ್ತದೆ, ಮಣ್ಣು ಹೆಚ್ಚಿದಷ್ಟೂ ಹುಲ್ಲು ಸೊಕ್ಕುತ್ತದೆ. ಹಳೆಯ ಬೇರುಗಳು ಕೊಳೆಯದೆ ಒಳಗೇ ಉಳಿದು ನೆಲವನ್ನು ಒಳಗಿನಿಂದಲೂ ಎತ್ತುತ್ತವೆ.

ಹಾಗಾದರೆ ಈ ನೆಲವು ಏರುತ್ತ ಏರುತ್ತ ಗುಡ್ಡವಾಗಬೇಕಲ್ಲವೆ? ಆಗುವುದಿಲ್ಲ. ನೆಲ ಎತ್ತರವಾದಷ್ಟೂ ಅದರ ಮೇಲೆ ನೀರು ಬರುವುದು ಕಡಿಮೆ. ನೀರು ಕಡಿಮೆಯಾದರೆ ಅದು ತರುವ ಮಣ್ಣೂ ಕಡಿಮೆ. ಏರಿಕೆ ತಾನಾಗಿ ನಿಧಾನವಾಗುತ್ತದೆ. ಇದಕ್ಕೆ ವಿರುದ್ಧವಾಗಿ ಸಮುದ್ರದ ಮಟ್ಟವೇ ತುಸು ಮೇಲಕ್ಕೆ ಹೋಯಿತೆನ್ನಿ, ಜವಳು ನೆಲದ ಮೇಲೆ ನೀರು ಹೆಚ್ಚು ಹೊತ್ತು ನಿಲ್ಲುತ್ತದೆ, ಹೆಚ್ಚು ಮಣ್ಣು ಬೀಳುತ್ತದೆ, ನೆಲವು ಬೆನ್ನಟ್ಟಿ ಏರುತ್ತದೆ. ಯಾವ ಇಂಜಿನಿಯರನೂ ಇಲ್ಲದೆ ಇಷ್ಟು ಚೊಕ್ಕವಾದ ಲೆಕ್ಕ ನಡೆಯುತ್ತಿರುವುದನ್ನು ಓದಿದಾಗ ನನಗೆ ಬಹಳ ಆಶ್ಚರ್ಯವಾಯಿತು. ಅಮೇರಿಕೆಯ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಬಾರ್ನ್‌ಸ್ಟೇಬಲ್ ಎಂಬಲ್ಲಿಯ ಜವಳನ್ನು ರೆಡ್‌ಫೀಲ್ಡ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಶೋಧಿಸಿ 1972ರಲ್ಲಿ ತನ್ನ ಪ್ರಬಂಧವನ್ನು ಪ್ರಕಟಿಸಿದನು. ಆ ಜವಳಿಗೆ ಸುಮಾರು ನಾಲ್ಕು ಸಾವಿರ ವರ್ಷ ವಯಸ್ಸೆಂದೂ, ಸಮುದ್ರವು ಏರಿದಂತೆಲ್ಲ ಅದು ತಾನೂ ಏರುತ್ತ, ಒಂದು ಕಡೆ ಉಸುಕಿನ ದಿಬ್ಬದ ಮೇಲೆ, ಇನ್ನೊಂದು ಕಡೆ ಒಣ ನೆಲದ ಮೇಲೆ ಹಬ್ಬುತ್ತ ಬಂದಿತೆಂದೂ ಆತನು ತೋರಿಸಿದನು.

ಆದರೆ ಈ ಲೆಕ್ಕಕ್ಕೆ ಎರಡು ಷರತ್ತುಗಳಿವೆ. ಒಂದು, ನೀರಿನಲ್ಲಿ ಮಣ್ಣು ಬರುತ್ತಿರಬೇಕು. ಎರಡು, ನೀರು ತೀರ ಬೇಗ ಏರಿದರೆ ಹಿಂದಕ್ಕೆ ಸರಿಯಲು ಬೆನ್ನ ಹಿಂದೆ ತೆರವಿರಬೇಕು. ಮಣ್ಣು ನಿಂತರೆ ಜವಳು ಮುಳುಗುತ್ತದೆ. ಹಿಂದೆ ಗೋಡೆಯನ್ನೋ ರಸ್ತೆಯನ್ನೋ ಕಟ್ಟಿದರೆ ನೀರಿಗೂ ಗೋಡೆಗೂ ನಡುವೆ ಸಿಕ್ಕು ಅರೆದು ಹೋಗುತ್ತದೆ. ಅಮೇರಿಕೆಯದೇ ಲೂಯಿಸಿಯಾನಾ ಪ್ರಾಂತವು 1932ರಿಂದ 2010ರ ವರೆಗೆ ಸುಮಾರು 4,900 ಚದರ ಕಿಲೋಮೀಟರಿನಷ್ಟು ತೀರದ ನೆಲವನ್ನು ಕಳಕೊಂಡಿತು. ಕಾರಣಗಳು ಹಲವು; ಆದರೆ ಮಿಸಿಸಿಪಿ ನದಿಗೆ ಎರಡೂ ಕಡೆ ಒಡ್ಡು ಕಟ್ಟಿ ಅದರ ಗೋಡು ಜವಳಿಗೆ ಹರಿಯದಂತೆ ಮಾಡಿದ್ದು ಅವುಗಳಲ್ಲಿ ದೊಡ್ಡದು. ಒಡ್ಡು ಕಟ್ಟಿದವರು ಊರುಗಳನ್ನು ಉಳಿಸಲೆಂದೇ ಕಟ್ಟಿದರೆಂಬುದನ್ನೂ ಮರೆಯಬಾರದು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿಯನ್ನು ನೋಡಬಹುದು. ಶಿರಸಿಯ ಕಡೆ ಹುಟ್ಟಿ ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುವ ಈ ನದಿಗೆ ದೊಡ್ಡ ಆಣೆಕಟ್ಟು ಒಂದೂ ಇಲ್ಲ. ನೆರೆಯ ಕಾಳಿಗಾದರೋ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಸಾಲು ಸಾಲಾಗಿ ಇವೆ. ಅಘನಾಶಿನಿಯ ಅಳಿವೆಯಲ್ಲಿ ಕಾಂಡ್ಲಾ ಕಾಡಿದೆ. ಇಳಿತದ ಹೊತ್ತಿಗೆ ರಾಡಿಯಲ್ಲಿ ಬಳಚು ಆರಿಸಿ ಸಂಸಾರ ಸಾಗಿಸುವ ಜನರಿದ್ದಾರೆ. ‘ಗಜನಿ’ ಎಂದು ಕರೆಯುವ ಉಪ್ಪು ನೀರಿನ ಗದ್ದೆಗಳಿವೆ. ಆ ಗದ್ದೆಗಳಲ್ಲಿ ಬೆಳೆಯುವ ಭತ್ತಕ್ಕೆ ‘ಕಗ್ಗ’ವೆಂದು ಹೆಸರು. ಮಳೆಗಾಲದ ಸಿಹಿನೀರು ಗದ್ದೆಯ ಉಪ್ಪನ್ನು ತೊಳೆದು ಸಪ್ಪೆ ಮಾಡಿದಾಗ ಬೆಳೆಯುತ್ತದೆ, ಉಳಿದ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುತ್ತದೆ, ಗೊಬ್ಬರ ಕೇಳುವುದಿಲ್ಲ. ಕೊಯ್ಲಾದ ಮೇಲೆ ಒಡ್ಡಿನ ಬಾಗಿಲು ತೆರೆದು ಭರತದ ನೀರನ್ನು ಒಳಗೆ ಬಿಟ್ಟುಕೊಂಡರೆ ಅದರ ಸಂಗಡ ಮೀನು, ಸೀಗಡಿ ಬರುತ್ತವೆ. ಕುಮಟೆಯ ಮಾಣಿಕಟ್ಟಾದ ರೈತರು ಈ ಬೇಸಾಯವನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಹೆಚ್ಚಿನವರು ಸೀಗಡಿಯ ಲಾಭಕ್ಕೆ ಭತ್ತವನ್ನು ಕೈಬಿಟ್ಟರೆಂಬುದೂ ನಿಜವೇ. ಸವಳು ನೆಲದಲ್ಲಿ ಅನ್ನ ಬೆಳೆಯುವವರೂ ಕನ್ನಡಿಗರೇ ಎಂಬುದು ನಮ್ಮ ಸೀಮೆಯಲ್ಲಿ ಎಷ್ಟು ಜನರಿಗೆ ಗೊತ್ತು? 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರು ಪ್ರದೇಶವು ರಾಮ್ಸಾರ್ ಒಪ್ಪಂದದ ಯಾದಿಗೆ ಸೇರಿತು. 1971ರಲ್ಲಿ ಇರಾನಿನ ರಾಮ್ಸಾರ್ ಊರಿನಲ್ಲಿ ಆದ, ಜೌಗು ನೆಲಗಳ ರಕ್ಷಣೆಯ ಒಪ್ಪಂದ ಅದು. ಅದೇ ದಿವಸ ನಮ್ಮ ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಯಾದಿಗೆ ಸೇರಿತು. ಪಟ್ಟೆತಲೆಯ ಬಾತುಗಳು ಹಿಮಾಲಯ ದಾಟಿ ಬರುವ ಕೆರೆ ಅದು.

ಇನ್ನು ನಮ್ಮ ಹೊಳೆಯ ಮಾತು. ಘಟಪ್ರಭೆಯು ಸಹ್ಯಾದ್ರಿಯಲ್ಲಿ ಹುಟ್ಟಿ, ಗೋಕಾಕದಲ್ಲಿ ಧುಮುಕಿ, ಮುಧೋಳವನ್ನು ಹಾದು ಅನಗವಾಡಿಗೆ ಬಂದು, ಮುಂದೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಆದರೆ ಅನಗವಾಡಿಯ ಹತ್ತಿರ ಈಗ ಇರುವುದು ಹಳೆಯ ಹೊಳೆಯಲ್ಲ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಆಣೆಕಟ್ಟು 519.60 ಮೀಟರಿನ ಮಟ್ಟಕ್ಕೆ ನೀರು ನಿಲ್ಲಿಸತೊಡಗಿದಂದಿನಿಂದ ಹಿನ್ನೀರು ಇಲ್ಲಿಯವರೆಗೂ ಕೈಚಾಚಿದೆ. ಶ್ರಾವಣದ ಸುಮಾರಿಗೆ ನೀರು ತುಂಬಿ ಹುಲ್ಲು, ಜಾಲಿ ಎಲ್ಲವನ್ನೂ ಮುಚ್ಚುತ್ತದೆ. ಸಂಕ್ರಾಂತಿ ದಾಟಿದ ಮೇಲೆ ಮೆಲ್ಲನೆ ಜಾರತೊಡಗಿ ಬೇಸಗೆಯಲ್ಲಿ ದೂರ ಸರಿಯುತ್ತದೆ. ಬಿಟ್ಟು ಹೋದ ರಾಡಿಯಲ್ಲಿ ಮೊದಲು ಜೇಕು, ಆಮೇಲೆ ಕರಕಿ, ತಗ್ಗಿನಲ್ಲಿ ಆಪು. ದನ ಕುರಿ ಬರುತ್ತವೆ. ನೀರು ಸರಿದ ಹಸಿ ನೆಲದಲ್ಲಿ ಬೀಜ ಚೆಲ್ಲಿ ಒಂದು ಬೆಳೆ ತೆಗೆಯುವವರೂ ಉಂಟು. ರಾಜಹಂಸಗಳು ಕೆನ್ನೀರಿನಲ್ಲಿ ತಲೆ ಕೆಳಗಾಗಿಸಿ ಮೇಯುವುದನ್ನು ಮೋಟಾರು ನಿಲ್ಲಿಸಿ ನೋಡಿ ಹೋಗುವ ಪ್ರವಾಸಿಗಳೂ ಉಂಟು.

ಅಂದರೆ ಇಲ್ಲಿಯೂ ಒಂದು ಭರತ-ಇಳಿತವಿದೆ. ಅದಕ್ಕೆ ಹನ್ನೆರಡು ತಾಸಿನ ಬದಲು ಹನ್ನೆರಡು ತಿಂಗಳು ಹಿಡಿಯುತ್ತದೆ, ಅಷ್ಟೆ. ಈ ಉಪಮೆ ಚೆಂದಾಗಿದೆಯೆಂದು ಅದನ್ನು ಬಹಳ ದೂರ ಎಳೆಯಬಾರದು. ಸಮುದ್ರದ ಜವಳಿನ ಹುಲ್ಲು ಒಂದೆರಡು ತಾಸು ಮುಳುಗಿ ಮತ್ತೆ ಉಸಿರಾಡುತ್ತದೆ. ನಮ್ಮ ಹಿನ್ನೀರಿನ ಅಂಚಿನ ಹುಲ್ಲು ತಿಂಗಳುಗಟ್ಟಲೆ ಮುಳುಗಿ ಸಾಯುತ್ತದೆ, ಮುಂದಿನ ವರ್ಷ ಬೀಜದಿಂದ ಹೊಸದಾಗಿ ಹುಟ್ಟಬೇಕು. ಆದ್ದರಿಂದ ಅದು ಸಮುದ್ರದ ಜವಳಿನಂತೆ ವರ್ಷವಿಡೀ ಮಣ್ಣು ಹಿಡಿದು ನೆಲವನ್ನು ಎತ್ತಲಾರದು. ಇಲ್ಲಿ ಮಣ್ಣು ಕೂಡುವುದು ಬೇರೆ ಕಾರಣಕ್ಕೆ. ಓಡಿ ಬಂದ ಹೊಳೆಯು ನಿಂತ ನೀರಿಗೆ ಬಂದು ಮುಟ್ಟಿದೊಡನೆ ಅದರ ಕಸುವು ಹೋಗುತ್ತದೆ. ಮೊದಲು ಉಸುಕು, ಮುಂದೆ ಹೋಗುತ್ತ ನಯವಾದ ಗೋಡು ಬೀಳುತ್ತದೆ. ಹೊಳೆಯೂ ಹಿನ್ನೀರೂ ಭೆಟ್ಟಿಯಾಗುವ ಅಂಥ ಜಾಗದಲ್ಲಿ ಅನಗವಾಡಿ ಇದೆ.

ಈ ಗೋಡು ಹಿಂದೆ ಎಲ್ಲಿಗೆ ಹೋಗುತ್ತಿತ್ತು? ಇಲ್ಲಿಯೇ ನನ್ನ ವಾದದ ಗಂಟು ಇದೆ. ಅದು ಕೃಷ್ಣೆಯ ಸಂಗಡ ಆಂಧ್ರದ ತೀರಕ್ಕೆ ಹೋಗಿ, ಬಂಗಾಲ ಉಪಸಾಗರದಂಚಿನ ಕಾಂಡ್ಲಾ ಕಾಡುಗಳಿಗೂ ಜವಳು ನೆಲಗಳಿಗೂ ಆಹಾರವಾಗುತ್ತಿತ್ತು. 1966-69ರ ಸುಮಾರಿನಲ್ಲಿ ಕೃಷ್ಣೆಯು ತನ್ನ ಮುಖಜಭೂಮಿಗೆ ವರ್ಷಕ್ಕೆ ಸುಮಾರು 90 ಲಕ್ಷ ಟನ್ ಗೋಡನ್ನು ಒಯ್ಯುತ್ತಿತ್ತೆಂದೂ, 2000-05ರ ಹೊತ್ತಿಗೆ ಅದು ಸುಮಾರು 4 ಲಕ್ಷ ಟನ್ನಿಗೆ ಇಳಿಯಿತೆಂದೂ ತಜ್ಞರು ಲೆಕ್ಕ ಕೊಟ್ಟಿದ್ದಾರೆ. ಅಪರಾಧವೆಲ್ಲ ಆಲಮಟ್ಟಿಯದೆಂದು ನಾನು ಹೇಳುವುದಿಲ್ಲ. ನಮ್ಮ ಘಟಪ್ರಭೆಗೇ 1897ರ ಧೂಪದಾಳ ಒಡ್ಡಿದೆ, ಹಿಡಕಲ್ಲಿನ ಜಲಾಶಯವಿದೆ; ಕೃಷ್ಣೆಗೆ ಆಲಮಟ್ಟಿಯ ಕೆಳಗೆ ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರಗಳಿವೆ. ಒಬ್ಬೊಬ್ಬರೂ ಒಂದೊಂದು ಬುಟ್ಟಿ ತೆಗೆದುಕೊಂಡರೆ ಕೊನೆಯವನಿಗೆ ಬರೀ ಬುಟ್ಟಿ ಉಳಿಯುತ್ತದೆ. ನೀರಿನ ಪಾಲಿಗಾಗಿ ಮೂರು ರಾಜ್ಯಗಳು ಐವತ್ತು ವರ್ಷಕ್ಕೂ ಮೇಲ್ಪಟ್ಟು ನ್ಯಾಯಮಂಡಳಿಯ ಮುಂದೆ ಹೋರಾಡಿದವು. ಈಗ ತೆಲಂಗಾಣ ಸೇರಿ ನಾಲ್ಕಾಗಿವೆ. ಮಣ್ಣಿನ ಪಾಲನ್ನು ಮಾತ್ರ ಯಾರೂ ಕೇಳಿದಂತೆ ಕಾಣೆ. ಅದಕ್ಕೆ ‘ಹೂಳು’ ಎಂಬ ಒಂದೇ ಹೆಸರಿಟ್ಟು, ಜಲಾಶಯದ ಹೊಟ್ಟೆ ತುಂಬುವ ಪೀಡೆಯೆಂದು ಬಯ್ದು ಬಿಡುತ್ತೇವೆ.

ಇದರ ಮೇಲೆ ಈಗ ಆಣೆಕಟ್ಟನ್ನು ಎತ್ತರಿಸುವ ಮಾತು. ಬ್ರಿಜೇಶ್ ಕುಮಾರ್ ಅವರ ಅಧ್ಯಕ್ಷತೆಯ ಎರಡನೆಯ ಕೃಷ್ಣಾ ನ್ಯಾಯಮಂಡಳಿಯು 2010ರ ಡಿಸೆಂಬರದಲ್ಲಿ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟಿತು. ವ್ಯಾಜ್ಯ ಮುಗಿದಿಲ್ಲ, ನೆರೆಯ ಮಹಾರಾಷ್ಟ್ರವು ತನ್ನ ಸಾಂಗಲಿ, ಕೊಲ್ಹಾಪುರಗಳಿಗೆ ನೆರೆ ಬರುತ್ತದೆಂದು ವಿರೋಧಿಸುತ್ತಿದೆ. 2025ರ ಸೆಪ್ಟೆಂಬರದಲ್ಲಿ ನಮ್ಮ ರಾಜ್ಯದ ಮಂತ್ರಿಮಂಡಲವು ಮುಳುಗಡೆಯಾಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಭೂಮಿಗೆ 30 ಲಕ್ಷ ರೂಪಾಯಿ ಎಂದು ಗೊತ್ತುಮಾಡಿತು. ಮುಳುಗುವುದು ಸುಮಾರು 75 ಸಾವಿರ ಎಕರೆ. ಬಸ್ ಸ್ಟ್ಯಾಂಡಿನ ಚಹದ ಅಂಗಡಿಯಲ್ಲಿ ಕೂತರೆ ಈ ಅಂಕಿಗಳ ಹೊರತು ಬೇರೆ ಮಾತಿಲ್ಲ. ಇರುವುದೂ ಸಹಜವೇ.

ಏರಿಕೆಯು 4.656 ಮೀಟರು. ಅಂದರೆ ಹದಿನೈದು ಅಡಿಗಿಂತ ತುಸು ಹೆಚ್ಚು. ಕೇಳಲು ಇದು ಒಂದು ಮನೆಯ ಮಾಳಿಗೆಯಷ್ಟು. ಆದರೆ ಸಾವಿರ ಅಡಿಗೆ ಒಂದಡಿ ಇಳಿಜಾರಿರುವ ಸಪಾಟು ಎರೆ ಹೊಲದಲ್ಲಿ ನೀರಿನ ಅಂಚು ನಾಲ್ಕೂವರೆ ಕಿಲೋಮೀಟರಿಗೂ ಹೆಚ್ಚು ಹಿಂದಕ್ಕೆ ಸರಿಯುತ್ತದೆ. ಹೋಲಿಸಿ ನೋಡಿರಿ. ಲೋಕದ ಸಮುದ್ರಗಳ ಮಟ್ಟವು 1993ರಿಂದೀಚೆಗೆ ವರ್ಷಕ್ಕೆ ಸರಾಸರಿ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚಾಗಿ ಏರುತ್ತಿದೆ, ವೇಗವೂ ಬೆಳೆಯುತ್ತಿದೆ. ಅಷ್ಟಕ್ಕೇ ಜವಳುಗಳು ತಾಳಬಲ್ಲವೋ ಇಲ್ಲವೋ ಎಂದು ವಿಜ್ಞಾನಿಗಳು ಚಿಂತೆಗೊಳಗಾಗಿದ್ದಾರೆ. ಆ ವೇಗದಲ್ಲಿ ಸಮುದ್ರವು ಹದಿನೈದು ಅಡಿ ಏರಲು ಸಾವಿರ ವರ್ಷಕ್ಕೂ ಮಿಕ್ಕಿ ಬೇಕು. ನಾವು ಅದನ್ನು ಬಾಗಿಲು ಇಳಿಸಿ ಕೆಲವೇ ಮಳೆಗಾಲಗಳಲ್ಲಿ ಮಾಡಬೇಕೆಂದಿದ್ದೇವೆ. ಇಪ್ಪತ್ತು ವರ್ಷಗಳಲ್ಲಿ ಈಗಿನ ಅಂಚಿನಲ್ಲಿ ಏನು ನೆಲೆಗೊಂಡಿದೆಯೋ ಅದೆಲ್ಲ ಆಳಕ್ಕೆ ಹೋಗುತ್ತದೆ. ಹೊಳೆಯೂ ಹಿನ್ನೀರೂ ಕೂಡುವ ಜಾಗವು ಮುಧೋಳದ ದಿಕ್ಕಿಗೆ ಸರಿಯುತ್ತದೆ. ಉಸುಕು, ಗೋಡು ಇನ್ನು ಮೇಲೆ ಅಲ್ಲಿ ಬೀಳುತ್ತವೆ. 2019ರ ಆಗಸ್ಟದಲ್ಲಿ ಘಟಪ್ರಭೆಯು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಮುಧೋಳ ತಾಲೂಕಿನ ನಮ್ಮ ಸಹಪಾಠಿಗಳಿಗೆ ಯಾರೂ ನೆನಪಿಸಬೇಕಾಗಿಲ್ಲ. ಹೊಳೆಯ ತಳವು ಗೋಡಿನಿಂದ ಏರಿದರೆ ಅಷ್ಟೇ ನೀರಿಗೆ ನೆರೆಯು ಇನ್ನೂ ಎತ್ತರಕ್ಕೆ ಬರುತ್ತದೆ.

“ಮನೆ ಮಠ ಕಳಕೊಂಡ ಜನರ ಮುಂದೆ ನೀನು ಜೇಕಿನ ಹುಲ್ಲಿಗೂ ಹಕ್ಕಿಗೂ ಅಳುತ್ತೀಯಾ?” ಎಂದು ಯಾರಾದರೂ ಕೇಳಿದರೆ ಅದು ಕೇಳತಕ್ಕ ಪ್ರಶ್ನೆಯೇ. ಹಳೆಯ ಬಾಗಲಕೋಟೆಯ ಅರ್ಧ ಊರು ನೀರಿಗೆ ಹೋದದ್ದನ್ನು ಕಂಡ ಜಿಲ್ಲೆ ನಮ್ಮದು. ಬಿಜಾಪುರ ಕಡೆಯ ಒಣ ಹೊಲಗಳಿಗೆ ನೀರು ಬೇಕೆಂಬುದೂ ನಿಜ; ಅಲ್ಲಿಯ ರೈತರ ಬಾಯಾರಿಕೆಯನ್ನು ನಾವು ದಂಡೆಯ ಮೇಲೆ ಕೂತು ಅಳೆಯಬಾರದು. ನಾನು ಎತ್ತರ ಬೇಡವೆಂದು ವಾದಿಸುತ್ತಿಲ್ಲ. ನನ್ನ ತಕರಾರು ಇಷ್ಟೆ: ಲೆಕ್ಕವೆಲ್ಲ ಒಂದು ಗೆರೆಯ ಮೇಲೆ ನಿಂತಿದೆ. ಗೆರೆಯ ಕೆಳಗಿನದು ನೀರು, ಅದಕ್ಕೆ ಪರಿಹಾರ. ಗೆರೆಯ ಮೇಲಿನದು ನೆಲ, ಅದಕ್ಕೆ ಏನೂ ಇಲ್ಲ. ಆದರೆ ಹಿನ್ನೀರಿಗೆ ಗೆರೆಯಿಲ್ಲ, ಅಂಚು ಇದೆ. ಆರು ತಿಂಗಳು ನೀರಾಗಿ ಆರು ತಿಂಗಳು ನೆಲವಾಗಿರುವ ಒಂದು ಅಗಲವಾದ ಪಟ್ಟಿ ಅದು. ಗೆರೆಗೆ ತಾಗಿದ ಹೊಲದ ಅಡಿಯಲ್ಲಿ ನೀರಿನ ಮಟ್ಟ ಏರಿ ಜವಳು ಹಿಡಿಯುವುದು ಖಂಡಿತ. ಮುಳುಗದ ಆ ಹೊಲಕ್ಕೆ ಯಾವ ಬೆಲೆ? ಅಂಚಿನ ವರೆಗೂ ಕಬ್ಬು ಹಚ್ಚಿ, ಅಂಚಿನ ಮೇಲೆಯೇ ಪುನರ್ವಸತಿಯ ಮನೆ ಕಟ್ಟಿದರೆ ಅಲ್ಲಿಯ ಜನರು ಲೂಯಿಸಿಯಾನಾದ ಜವಳಿನಂತೆಯೇ ಹಿಂದೆ ಸರಿಯಲು ತೆರವಿಲ್ಲದೆ ಸಿಕ್ಕಿಬೀಳುತ್ತಾರೆ. ಹುಲ್ಲಿಗೆ ಬೇಕಾದ ತೆರವೂ ಮನುಷ್ಯನಿಗೆ ಬೇಕಾದ ತೆರವೂ ಇಲ್ಲಿ ಒಂದೇ ಪಟ್ಟಿಯಲ್ಲಿದೆ. ಆ ಪಟ್ಟಿಯನ್ನು ಈಗಲೇ ಅಳೆದು, ಅದಕ್ಕೂ ಹಣ ಕೊಟ್ಟು, ಮೇವಿಗೂ ಬೇಸಗೆಯ ಬೆಳೆಗೂ ಹಕ್ಕಿಗೂ ಊರ ಹೆಸರಿನಲ್ಲಿ ಬಿಡಬೇಕು. ಸರಕಾರಿ ಕಾಗದಗಳಲ್ಲಿ ಅದನ್ನು ಪಾಳು ಭೂಮಿಯೆಂದು ಬರೆದರೆ ಒಂದು ದಿನ ಯಾರೋ ಒಬ್ಬರು ಅದಕ್ಕೆ ಬೇಲಿ ಹಾಕುತ್ತಾರೆ.

ಗೋಡಿನ ವಿಷಯದಲ್ಲಿ ನಾವು ವಿದ್ಯಾರ್ಥಿಗಳೇ ಮಾಡಬಹುದಾದ ಒಂದು ಕೆಲಸವನ್ನು ಸೂಚಿಸುತ್ತೇನೆ. ಅನಗವಾಡಿಯ ಹತ್ತಿರ ಅಂಚಿನ ಮಣ್ಣು ವರ್ಷಕ್ಕೆ ಎಷ್ಟು ಏರುತ್ತದೆಂದು ಊರವರನ್ನು ಕೇಳಿದರೆ ಒಬ್ಬರು ಗೇಣು ಎನ್ನುತ್ತಾರೆ, ಒಬ್ಬರು ಬೆರಳು ಎನ್ನುತ್ತಾರೆ. ಸಮುದ್ರದ ಜವಳನ್ನು ಅಳೆಯುವವರು ನೆಲದ ಮೇಲೆ ಬಿಳಿಯ ಪುಡಿಯ ಒಂದು ಪದರನ್ನು ಹರಡಿ, ಮುಂದಿನ ವರ್ಷ ಅಗೆದು ಅದರ ಮೇಲೆ ಎಷ್ಟು ಮಣ್ಣು ಕೂತಿದೆಯೆಂದು ನೋಡುತ್ತಾರೆ. ನಮಗೆ ಇಟ್ಟಂಗಿ ಪುಡಿ ಸಾಕು. ನೀರು ಸರಿದ ಮೇಲೆ, ಮೇ ತಿಂಗಳಿನಲ್ಲಿ, ಅಂಚಿನಿಂದ ಹೊಳೆಯ ಕಡೆಗೆ ನೂರು ನೂರು ಹೆಜ್ಜೆಗೆ ಒಂದರಂತೆ ಹತ್ತು ಕಡೆ ಕಬ್ಬಿಣದ ಕೊಳವೆ ಹೂಳಿ, ಪ್ರತಿ ಕೊಳವೆಯ ಬುಡದಲ್ಲಿ ಒಂದು ಚದರ ಮೊಳದಷ್ಟು ಇಟ್ಟಂಗಿ ಪುಡಿ ಹರಡಬೇಕು. ಮರುವರ್ಷ ಅದೇ ತಿಂಗಳಿನಲ್ಲಿ ಚಾಕುವಿನಿಂದ ಕೊಯ್ದು ಕೆಂಪು ಗೆರೆಯ ಮೇಲಿನ ಮಣ್ಣನ್ನು ಅಳೆಯಬೇಕು. ಅಲ್ಲಿ ಯಾವ ಹುಲ್ಲು ಹುಟ್ಟಿದೆಯೆಂಬುದನ್ನೂ ಬರೆದಿಡಬೇಕು. ನೆರೆಯ ರಭಸಕ್ಕೆ ಒಂದೆರಡು ಕೊಳವೆ ಹೋದಾವು, ಹೋಗಲಿ. ಖರ್ಚು ಒಂದು ಸಹಲಿನ ಖರ್ಚಿಗಿಂತ ಕಡಿಮೆ. ನಾನು ಈ ವರ್ಷ ಕಾಲೇಜು ಬಿಡುವವನು. ಭೂಗೋಲ ವಿಭಾಗದ ಗುರುಗಳು ಒಪ್ಪಿದರೆ ಮೊದಲಿನ ಹತ್ತು ಕೊಳವೆಗಳನ್ನು ಹೂಳಿಕೊಟ್ಟು ಹೋಗಲು ನಾನೂ ನನ್ನ ಊರ ಗೆಳೆಯರು ಇಬ್ಬರೂ ಸಿದ್ಧರಿದ್ದೇವೆ. ಎರಡನೆಯ ವರ್ಷದವರಲ್ಲಿ ಯಾರಾದರೂ ಅಳತೆಯ ಪುಸ್ತಕವನ್ನು ವಹಿಸಿಕೊಳ್ಳಬೇಕು.